ನಾದುವುದೊಂದೇ ಸಾಕು

ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಮಾನಸಿಕ ಕಾಯಿಲೆ ವರ್ಷಗಟ್ಟಲೆ ಇದ್ದವರು ಕಲಬುರಗಿ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಕೇಳುವುದು ಎರಡೇ ಮಾತು: ‘ನೀ ಸುಮ್ಮ ಕೂಡು, ನಾವು ಮಾಡ್ತೀವಿ’, ಇಲ್ಲಾ ‘ಎಷ್ಟ್ ಮಲಗ್ತಿ, ಏಳು’. ಮೊದಲನೆಯದು ಪ್ರೀತಿಯ ಮಾತು, ಆದರೂ ಹೆಚ್ಚು ಕೆಡಿಸುವುದು ಅದೇ. ಮನೆಗೆ ನಿಜವಾಗಿ ಬೇಕಾದ ಒಂದು ಕೆಲಸ ಅವರ ಕೈಯಲ್ಲಿ ಉಳಿಯಬೇಕು. ಮನಸ್ಸು ಬಂದಾಗ ಮಾಡಲಿ ಎಂದು ಕಾಯಬೇಡಿ. ಹುಮ್ಮಸ್ಸು ಕುಗ್ಗುವುದು ಕಾಯಿಲೆಯ ಲಕ್ಷಣವೇ. ಎಷ್ಟೋ ಸಲ ಕೈ ಹಚ್ಚಿದ ಮೇಲೆಯೇ ಹುಮ್ಮಸ್ಸು ಬರುತ್ತದೆ.

ಜೋಳದ ರೊಟ್ಟಿಯನ್ನೇ ತೆಗೆದುಕೊಳ್ಳಿ. ಹಿಟ್ಟು ಅಳೆಯುವುದು, ನೀರು ಕಾಯಿಸುವುದು, ನಾದುವುದು, ಬಡಿಯುವುದು, ಹಂಚಿನ ಮೇಲೆ ನೀರು ಸವರಿ ಮಗುಚುವುದು, ಇಷ್ಟನ್ನೂ ಒಬ್ಬರ ಮೇಲೆ ಹಾಕಬೇಡಿ. ಮೊದಲ ವಾರ ನಾದುವುದೊಂದೇ ಸಾಕು. ಎರಡು ಬಟ್ಟಲು ಹಿಟ್ಟಿಗೆ ಸುಮಾರು ಒಂದೂವರೆ ಬಟ್ಟಲು ಕುದಿಯುವ ನೀರು. ಮೊದಲು ಚಮಚದಿಂದ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈ ಒತ್ತಿ ನಾದಬೇಕು. ಜೋಳಕ್ಕೆ ಗೋಧಿಯ ಜಿಗುಟಿಲ್ಲ, ಕುದಿಯುವ ನೀರೇ ಅದನ್ನು ಹಿಡಿದಿಡುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಾದರೆ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಇದು ಗೊತ್ತಿರದವರು ‘ನನ್ನ ಕೈಲಿ ಏನೂ ಆಗಂಗಿಲ್ಲ’ ಎಂದು ಕೂತುಬಿಡುತ್ತಾರೆ. ತಪ್ಪು ಹಿಟ್ಟಿನದು.

ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ, ವಾಲ್‌ಪ್ರೊಯೇಟ್ ತೆಗೆದುಕೊಳ್ಳುವವರಿಗೆ ಕೈ ನಡುಗಬಹುದು. ಬಡಿಯುವುದಕ್ಕಿಂತ ನಾದುವುದು ಅವರಿಗೆ ಸುಲಭ. ರಾತ್ರಿ ಗುಳಿಗೆಯ ಮಂಪರು ಬೆಳಿಗ್ಗೆಯೂ ಇದ್ದರೆ ಬಿಸಿ ಹಂಚಿನ ಹತ್ತಿರ ಬಿಡಬೇಡಿ, ಸಂಜೆಯ ಪಾಲು ಕೊಡಿ. ಹಾಗಂತ ತಾವಾಗಿ ಗುಳಿಗೆ ನಿಲ್ಲಿಸಬಾರದು, ವೈದ್ಯರಿಗೆ ಹೇಳಬೇಕು.

ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಒಲೆಯ ಮುಂದೆ ಬೆವರಿ ಮೈಯ ನೀರು, ಉಪ್ಪು ಕಳೆದರೆ ಲಿಥಿಯಂ ತೆಗೆದುಕೊಳ್ಳುವವರ ರಕ್ತದಲ್ಲಿ ಅದು ಅಪಾಯದ ಮಟ್ಟಕ್ಕೆ ಏರಬಹುದು. ಐಬುಪ್ರೊಫೇನ್‌ನಂಥ ನೋವಿನ ಗುಳಿಗೆಯಿಂದಲೂ ಏರಬಹುದು. ವಾಂತಿ, ಭೇದಿ, ಜೋರು ನಡುಕ, ತೊದಲು, ತೂರಾಟ ಕಂಡರೆ ಮುಂದಿನ ಗುಳಿಗೆಗೆ ಮೊದಲೇ ಆಸ್ಪತ್ರೆಗೆ ಹೋಗಿ. ಆ ಎರಡು ತಿಂಗಳು ನೆರಳಲ್ಲಿ ಕೂತು ತೊಗರಿ ಬೇಳೆ ಆರಿಸುವ ಕೆಲಸ ಒಳ್ಳೆಯದು.

ಮಕ್ಕಳಿಗೆ ಹೇಳಿದಂತೆ ‘ಶಭಾಷ್’ ಎನ್ನಬೇಡಿ. ‘ನಾಳಿಗೂ ಹಿಟ್ಟು ನೀವೇ ನಾದ್ರಿ ಅಣ್ಣಾ’ ಎಂದು ವೈನಿ ಹೇಳಿದರೆ ಅದರ ತೂಕವೇ ಬೇರೆ. ಆಗದ ದಿನ ಹಿಟ್ಟು ಅಳೆದಿಟ್ಟರೂ ಕೆಲಸ ಅವರದೇ.

ಬೈಪೋಲಾರ್ ಇದ್ದವರು ನಿದ್ದೆ ಬಿಟ್ಟು ನಡುರಾತ್ರಿ ಓಣಿಗೆಲ್ಲ ಆಗುವಷ್ಟು ರೊಟ್ಟಿ ಬಡಿಯತೊಡಗಿದರೆ ಕಾಯಿಲೆ ಗುಣವಾಯಿತೆಂದು ತಿಳಿಯಬೇಡಿ. ಕಾಯಿಲೆ ಏರುವ ಸೂಚನೆ ಇರಬಹುದು. ಬೇಗ ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿ.