ಅವ್ವ ಕಂಡ ಹಸ್ತೆ, ಚಿತ್ತೆ

ನಮ್ಮವ್ವನಿಗೆ ಮಳೆಗಳ ಹೆಸರು ಬಾಯಿಪಾಠ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಅಂತ ಶುರು ಮಾಡಿದರೆ ಸ್ವಾತಿ, ವಿಶಾಖೆ ತನಕ ಎಲ್ಲೂ ತಡವರಿಸುವುದಿಲ್ಲ. ಯಾವ ಮಳೆ ಹದವಾಗಿ ಬಿದ್ದರೆ ಶೇಂಗಾ ಬಿತ್ತಬಹುದು, ಯಾವ ಮಳೆಗೆ ಕಡಲೆ, ಎಲ್ಲಾ ಪಂಚಾಂಗ ನೋಡದೆ ಹೇಳುತ್ತಾಳೆ. ಆದರೆ ಆ ಹೆಸರಿನ ಚುಕ್ಕಿಗಳು ಎಲ್ಲಿವೆ ಅಂತ ಅವಳಿಗೆ ಯಾರೂ ತೋರಿಸಿರಲಿಲ್ಲ. ಈ ಮೇ ತಿಂಗಳ ಅಮಾವಾಸ್ಯೆ ರಾತ್ರಿ, 71ನೇ ವಯಸ್ಸಿನಲ್ಲಿ, ಮೊದಲ ಸಲ ನೋಡಿದಳು.

ನನ್ನದು ದಾವಣಗೆರೆಯಲ್ಲಿ ಕನ್ನಡಕದ ಅಂಗಡಿ. ಅವ್ವ ಇರುವುದು ಚಳ್ಳಕೆರೆ ಹತ್ತಿರದ ನಮ್ಮ ಹಳ್ಳಿಯಲ್ಲಿ. ನಾಲ್ಕೈದು ವರ್ಷದಿಂದ ಅವಳು ಒಂದು ಮಾತು ಹೇಳುತ್ತಿದ್ದಳು: "ಬೀದಿ ದೀಪ ಜಾಸ್ತಿ ಆದಮ್ಯಾಲೆ ಚುಕ್ಕಿನೇ ಕಮ್ಮಿ ಆದ್ವು ಕಣಪ್ಪ." ನಾನೂ ಹೂಂ ಅಂದುಕೊಂಡೇ ಇದ್ದೆ. ದೀಪ ಜಾಸ್ತಿಯಾಗಿದ್ದು ನಿಜವೇ. ಆದರೆ ದಿನಾ ಹತ್ತಾರು ಜನರ ಕಣ್ಣು ನೋಡುವ ನನಗೆ, ಅವಳ ಎರಡೂ ಕಣ್ಣಿಗೆ ಪೊರೆ ಬರುತ್ತಿದೆ ಅಂತ ಹೊಳೆಯಲಿಲ್ಲ. ಇದು ಈಗಲೂ ನನ್ನ ಮನಸ್ಸನ್ನು ಚುಚ್ಚುತ್ತದೆ. ಫೆಬ್ರವರಿಯಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣಿಗೆ ಬೇಡ, ಒಂದು ಸಾಕು ಅಂದುಬಿಟ್ಟಳು.

ಅವತ್ತು ಊಟ ಮುಗಿಸಿ ಎಂಟೂವರೆಗೆ ಮಾಳಿಗೆ ಹತ್ತಿದೆವು. ಚಾಪೆ, ಎರಡು ದಿಂಬು, ಒಂದು ಚೊಂಬು ನೀರು, ನನ್ನ 10x50 ಬೈನಾಕ್ಯುಲರ್. ಬೀದಿ ದೀಪ ಮನೆಯ ಉತ್ತರಕ್ಕಿದೆ. ಅದಕ್ಕೆ ಬೆನ್ನು ಮಾಡಿ ದಕ್ಷಿಣಕ್ಕೆ ಮುಖ ಮಾಡಿ ಕುಳಿತೆವು. ಮೊಬೈಲ್ ಕೆಳಗೇ ಬಿಟ್ಟು ಬಂದಿದ್ದೆ. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಮಧ್ಯೆ ಒಂದು ಸಲ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ ಕಾಯಬೇಕು. ಅಂಗಡಿಗೆ ಬರುವ ಹುಡುಗರಿಗೆ ಇದನ್ನು ಹೇಳುತ್ತಲೇ ಇರುತ್ತೇನೆ.

ಅವ್ವ ಮೊದಲು ಕೇಳಿದ್ದು ಕೃತ್ತಿಕೆಯನ್ನು. "ಈಗ ಕೃತ್ತಿಕೆ ಮಳೆ ಅಲ್ವಾ? ಎಲ್ಲೈತೆ ತೋರ್ಸು."

ಕೃತ್ತಿಕೆ ಮಳೆ ನಡೆಯುವಾಗ ಕೃತ್ತಿಕೆ ಕಾಣುವುದೇ ಇಲ್ಲ. ಸೂರ್ಯ ಯಾವ ನಕ್ಷತ್ರದ ಜೊತೆ ಇರುತ್ತಾನೋ ಆ ಹೆಸರಿನ ಮಳೆ. ಅವನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುವ ಚುಕ್ಕಿ ನಮಗೆ ಹೇಗೆ ಕಂಡೀತು? ರಾತ್ರಿ ನೆತ್ತಿಯ ಕಡೆ ಇರುವುದು ಸೂರ್ಯನಿಗೆ ಹೆಚ್ಚುಕಡಿಮೆ ಎದುರಿನ ನಕ್ಷತ್ರಗಳು. ಅಂದರೆ ಐದಾರು ತಿಂಗಳು ಆಚೆಗಿನ ಮಳೆಗಳು. ಮೇ ತಿಂಗಳ ರಾತ್ರಿ ಆಕಾಶದಲ್ಲಿ ಹಸ್ತೆ, ಚಿತ್ತೆ, ಸ್ವಾತಿ ಸಾಲಾಗಿ ನಿಂತಿರುತ್ತವೆ. ಇದನ್ನು ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು, "ಅಂದ್ರೆ ಕಡ್ಲೆ ಬಿತ್ತೋ ಮಳೆ ಈಗ್ಲೇ ಮ್ಯಾಲೆ ನಿಂತೈತೆ ಅನ್ನು."

ನಾನು ಇಷ್ಟು ವರ್ಷ ಆಕಾಶ ನೋಡಿದ್ದೇನೆ, ಹೀಗೆ ಒಂದು ದಿನವೂ ಯೋಚಿಸಿರಲಿಲ್ಲ.

ಹಸ್ತೆಯನ್ನು ಹುಡುಕುವುದು ಸುಲಭ. ದಕ್ಷಿಣಕ್ಕೆ ಮುಖ ಮಾಡಿ ತಲೆ ಚೆನ್ನಾಗಿ ಮೇಲೆತ್ತಿದರೆ ನಾಲ್ಕು ಚುಕ್ಕಿಗಳ ಒಂದು ಸೊಟ್ಟ ಚೌಕ. ಅದರ ಎಡಕ್ಕೆ ಬೆಳ್ಳಗೆ ಹೊಳೆಯುವ ಒಂಟಿ ಚುಕ್ಕಿ ಚಿತ್ತೆ. ಇನ್ನೂ ಎಡಕ್ಕೆ, ನೆತ್ತಿಯ ಹತ್ತಿರ, ಸ್ವಲ್ಪ ಕಿತ್ತಳೆ ಬಣ್ಣದ್ದು ಸ್ವಾತಿ. ನೆತ್ತಿಯ ಕಡೆ ಈ ಮೂರು ಸಿಕ್ಕರೆ ಸಾಕು. ಕೆಳಗಿನದ್ದಕ್ಕೆಲ್ಲ ಇವೇ ದಾರಿ ತೋರಿಸುತ್ತವೆ.

ಹಸ್ತೆಯಿಂದ ನೇರ ಕೆಳಗೆ, ದಿಗಂತದ ಕಡೆ ಕಣ್ಣಿಳಿಸಿ. ತ್ರಿಶಂಕು ಸಿಗುತ್ತಾನೆ. "ನನ್ನದು ತ್ರಿಶಂಕು ಸ್ಥಿತಿ" ಅಂತ ದಿನಾ ಯಾರಾದರೂ ಹೇಳುತ್ತಾರೆ. ಆದರೆ ಆ ತ್ರಿಶಂಕುವನ್ನು ಕಣ್ಣಾರೆ ಕಂಡವರು ಎಷ್ಟು ಜನ? ಮೈಯೊಂದಿಗೇ ಸ್ವರ್ಗಕ್ಕೆ ಹೋಗಬೇಕೆಂದ ರಾಜ, ದೇವತೆಗಳು ಕೆಳಕ್ಕೆ ನೂಕಿದರು, ವಿಶ್ವಾಮಿತ್ರ ನಡುವೆಯೇ ತಡೆದು ನಿಲ್ಲಿಸಿದ. ನಾಲ್ಕು ಚುಕ್ಕಿಗಳ ಶಿಲುಬೆಯಂತೆ ಕಾಣುತ್ತಾನೆ. ಮೇ ನಡುವೆ ರಾತ್ರಿ ಒಂಬತ್ತೂಕಾಲರ ಹೊತ್ತಿಗೆ ನೆಟ್ಟಗೆ ನಿಂತಿರುತ್ತಾನೆ. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ ಅಂತ ಲೆಕ್ಕ. ನಮ್ಮ ಕಡೆ ತ್ರಿಶಂಕುವಿನ ಬುಡದ ಚುಕ್ಕಿ ಇರುವುದು ಸುಮಾರು 13 ಡಿಗ್ರಿ ಎತ್ತರದಲ್ಲಿ, ತುದಿಯದು 19ರ ಹತ್ತಿರ. ಅಷ್ಟೇ, ಎರಡು ಮುಷ್ಟಿಯೊಳಗೆ. ದೆಹಲಿಯಲ್ಲಿ ಬುಡದ ಚುಕ್ಕಿ ಹುಟ್ಟುವುದೇ ಇಲ್ಲ. ನಮ್ಮ ಬಯಲು ಸೀಮೆಯವರಿಗೆ ಸುಮ್ನೆ ಮಾಳಿಗೆ ಹತ್ತಿದರೆ ಸಿಗುವ ಭಾಗ್ಯ ಇದು.

ದಕ್ಷಿಣದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳ ಕೆಂಪು ದೀಪ ಮಿಣುಕುತ್ತಿರುತ್ತವೆ. ಕಣ್ಣಿಗೆ ತುಸು ಅಡ್ಡಿ. ಅವಕ್ಕಿಂತ ಮೇಲೆ ನೋಡಬೇಕು.

ಇನ್ನೊಂದು ಎಚ್ಚರಿಕೆ. ನೈಋತ್ಯಕ್ಕೆ ಇನ್ನೊಂದು ಶಿಲುಬೆ ಕಾಣುತ್ತದೆ, ಇದಕ್ಕಿಂತ ದೊಡ್ಡದು, ಆದರೆ ಮಂಕು. ಹೋದ ವರ್ಷ ತಂಗಿಯ ಮಕ್ಕಳಿಗೆ ನಾನು ಅದನ್ನೇ ತ್ರಿಶಂಕು ಅಂತ ತೋರಿಸಿಬಿಟ್ಟಿದ್ದೆ. ಆಮೇಲೆ ಗೊತ್ತಾಗಿ ಫೋನ್ ಮಾಡಿ ತಿದ್ದಿದೆ. ನಿಜವಾದ ತ್ರಿಶಂಕುವಿನ ಎಡಕ್ಕೆ ಎರಡು ಪ್ರಖರ ಚುಕ್ಕಿಗಳು ಇದ್ದೇ ಇರುತ್ತವೆ. ಕಾವಲು ನಿಂತ ಹಾಗೆ. ಅದನ್ನು ನೋಡಿ ಖಚಿತ ಮಾಡಿಕೊಳ್ಳಿ.

ಆ ಎರಡರಲ್ಲಿ ಹೆಚ್ಚು ಹೊಳೆಯುವುದು ಆಲ್ಫಾ ಸೆಂಟಾರಿ. ನಮಗೆ 4.4 ಜ್ಯೋತಿರ್ವರ್ಷ ದೂರ. ಸೂರ್ಯನನ್ನು ಬಿಟ್ಟರೆ ಬರಿಗಣ್ಣಿಗೆ ಕಾಣುವ ಚುಕ್ಕಿಗಳಲ್ಲಿ ಇದೇ ನಮಗೆ ಹತ್ತಿರದ್ದು. ಪಕ್ಕದಲ್ಲೇ ಇರುವಂತೆ ಕಾಣುವ ಇನ್ನೊಂದು ಸುಮಾರು 390 ಜ್ಯೋತಿರ್ವರ್ಷ ಆಚೆ ಇದೆ. ಅವ್ವನಿಗೆ ಹೀಗೆ ಹೇಳಿದೆ: ಒಂದು ನಮ್ಮ ಊರಬಾಗಿಲ ದೀಪ, ಇನ್ನೊಂದು ದಾವಣಗೆರೆಯ ದೀಪ, ಕತ್ತಲಲ್ಲಿ ಎರಡೂ ಅಕ್ಕಪಕ್ಕ ಕಾಣುತ್ತಿವೆ ಅಂದುಕೋ.

ಈಗ ಚಿತ್ತೆಯಿಂದ ನೇರ ಕೆಳಗೆ ಇಳಿಯಿರಿ. ದಿಗಂತದಿಂದ ಮೂರು ಮುಷ್ಟಿಗಿಂತ ಸ್ವಲ್ಪ ಕೆಳಗೆ ಒಂದು ಮಸುಕಾದ ಚುಕ್ಕಿ ಇದೆ. ಒಮೆಗಾ ಸೆಂಟಾರಿ. ನೇರ ದಿಟ್ಟಿಸಿದರೆ ಮಾಯವಾಗುತ್ತದೆ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಾಣುತ್ತದೆ. ಇದು ಭ್ರಮೆಯಲ್ಲ. ಕಣ್ಣಿನ ಪರದೆಯ ನಟ್ಟನಡುವೆ ಮಂದ ಬೆಳಕು ಹಿಡಿಯುವ ಕೋಶಗಳಿಲ್ಲ, ಅವು ಸುತ್ತಲೂ ಇವೆ. ಅದಕ್ಕೇ ಓರೆಗಣ್ಣಿಗೆ ಸಿಗುವುದು ನೆಟ್ಟ ನೋಟಕ್ಕೆ ಸಿಗುವುದಿಲ್ಲ. ಬೈನಾಕ್ಯುಲರ್‌ನಲ್ಲಿ ನೋಡಿದರೆ ಅದು ಒಂದು ಚುಕ್ಕಿಯಲ್ಲ, ಹತ್ತಿಯ ಉಂಡೆಯಂತೆ ದುಂಡಗೆ ಕಾಣುತ್ತದೆ. ಸುಮಾರು ಒಂದು ಕೋಟಿ ನಕ್ಷತ್ರಗಳ ಗುಂಪು, 17,000 ಜ್ಯೋತಿರ್ವರ್ಷ ದೂರದಲ್ಲಿ.

ಕನ್ನಡಕ ಇರುವವರು ದಯವಿಟ್ಟು ಹಾಕಿಕೊಂಡೇ ನೋಡಿ. ಚಾಳೀಸು ಬೇಡ, ದೂರದ ನಂಬರಿನದು. ಚುಕ್ಕಿಗಿಂತ ಕಟ್ಟುನಿಟ್ಟಾದ ಕಣ್ಣಿನ ಪರೀಕ್ಷೆ ಇನ್ನೊಂದಿಲ್ಲ. ಅರ್ಧ ನಂಬರ್ ವ್ಯತ್ಯಾಸವಿದ್ದರೂ ಚುಕ್ಕಿ ಹರಡಿಕೊಳ್ಳುತ್ತದೆ. ಸಿಲಿಂಡರ್ ನಂಬರ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದವರಿಗೆ ಕೊಡುವುದು) ಇದ್ದು ಕನ್ನಡಕ ಹಾಕದಿದ್ದರೆ ಗೆರೆಯಂತೆ ಎಳೆದುಕೊಂಡು ಕಾಣುತ್ತದೆ.

ಈ ನೋಟಕ್ಕೆ ಹೆಚ್ಚು ದಿನ ಇರುವುದಿಲ್ಲ. ಚುಕ್ಕಿಗಳು ದಿನಕ್ಕೆ 4 ನಿಮಿಷ ಬೇಗ ಬರುತ್ತವೆ, ವಾರಕ್ಕೆ ಅರ್ಧ ಗಂಟೆ. ಜೂನ್ ಮಧ್ಯದ ಹೊತ್ತಿಗೆ ಕತ್ತಲಾಗುವುದರೊಳಗೇ ತ್ರಿಶಂಕು ನೆಟ್ಟಗೆ ನಿಂತು, ಪಶ್ಚಿಮಕ್ಕೆ ವಾಲಲು ಶುರು ಮಾಡಿರುತ್ತಾನೆ. ಅಷ್ಟರಲ್ಲಿ ಮೋಡವೂ ಬಂದಿರುತ್ತದೆ.

ಹತ್ತು ಗಂಟೆ ಹೊತ್ತಿಗೆ ಅವ್ವ ಒಂದು ಕೆಲಸ ಶುರು ಮಾಡಿದಳು. ಬಲಗಣ್ಣು ಮುಚ್ಚಿ ಚಿತ್ತೆಯನ್ನು ನೋಡುವುದು, ಆಮೇಲೆ ಎಡಗಣ್ಣು ಮುಚ್ಚಿ ನೋಡುವುದು. ಮತ್ತೆ ಮತ್ತೆ. "ಈ ಕಣ್ಣಾಗೆ ಬೆಳ್ಳಗೈತೆ. ಈ ಕಣ್ಣಾಗೆ ಎಣ್ಣೆ ದೀಪದಂಗೆ ಹಳದಿ." ಪೊರೆ ಬಂದ ಮಸೂರ ನೀಲಿ ಬೆಳಕನ್ನು ತಡೆಯುತ್ತದೆ, ಅದಕ್ಕೇ ಹಳದಿ. ಆಮೇಲೆ ಕೆಳಗಿನ ಒಮೆಗಾದ ಕಡೆ ತಿರುಗಿದಳು. ಬಲಗಣ್ಣಿಗೆ ಇತ್ತು. ಎಡಗಣ್ಣಿಗೆ ಇರಲಿಲ್ಲ.

ಪೂರ್ವದಲ್ಲಿ ಮಿಂಚು ಶುರುವಾಯಿತು. ಚಾಪೆ ಸುತ್ತುವಾಗ ಅವಳೇ ಕೇಳಿದಳು, "ಈ ಕಣ್ಣಿನ ಆಪ್ರೇಷನ್ನು ಯಾವಾಗ ಮಾಡಸ್ತೀಯಪ್ಪ?"