ಸೈಜಿಂಗ್ ಅಜ್ಜಾರು ಕೇಳಿದ್ದು

"ಅದು ಏನ್ ಕುಡಿತೈತಿ, ಎಷ್ಟು ಬಿಡಬೇಕು?" ಈ ವಾರ ಪೂರ್ತಿ ತಲೇಲಿ ಇದೇ ಮಾತು. ಕೇಳಿದ್ದು ನಮ್ಮ ಲೇತ್ ಅಂಗಡಿಯವನ ಮಾವ. ಕೇಳಬೇಕಾಗಿದ್ದ ರೋಲರ್ ಮಾರೋರು ಒಬ್ರೂ ಕೇಳ್ಲಿಲ್ಲ.

ದಾವಣಗೆರೆಯ ಕರೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ದೊಂದು ಪ್ರೆಸ್ ಶಾಪ್, ಅಂದ್ರೆ ತಗಡಿನ ಶೀಟನ್ನ ಡೈ ಅನ್ನೋ ಅಚ್ಚಿಗೆ ಇಟ್ಟು ಒತ್ತೋ ಕೆಲ್ಸ. ಶೀಟ್ ಡೈಗೆ ಹೋಗೋ ಮುಂಚೆ ಎಣ್ಣೆ ಹಚ್ಚೋದು ಇವತ್ತಿಗೂ ಕಾಟನ್ ವೇಸ್ಟ್‌ನಲ್ಲೇ. ಹುಡುಗ ಫೋನ್ ನೋಡ್ಕೊಂಡು ಹಚ್ಚಿದ್ರೆ ಒಂದು ಕಡೆ ಒಣ, ಇನ್ನೊಂದು ಕಡೆ ತೊಟ್ಟಿಕ್ತಾ ಇರುತ್ತೆ. ಒಣ ಇದ್ರೆ ಡೈ ಉಜ್ಜಿ ಗೀರು ಬೀಳುತ್ತೆ. ಜಾಸ್ತಿ ಆದ್ರೆ ಪೌಡರ್ ಕೋಟಿಂಗ್‌ನೋರು ಎಷ್ಟು ತೊಳೆದ್ರೂ ಎಲ್ಲೋ ಒಂಚೂರು ಉಳಿದು ಪೇಂಟ್ ಎದ್ದು ಬರುತ್ತೆ, ಬೈಗುಳ ನಮಗೆ. ಅದಕ್ಕೆ ಸಾವ್ಕಾರ್ರು, ಮೇಲೊಂದು ಕೆಳಗೊಂದು ರೋಲರ್ ಹಾಕಿ, ಟೊಳ್ಳು ಶಾಫ್ಟ್ ಒಳಗಿಂದ ಎಣ್ಣೆ ಬಿಟ್ಟು ಜಿನುಗಿಸೋಣ, ಅಂಥ ರೋಲರ್ ಎಲ್ಲಿ ಸಿಗುತ್ತೋ ಹುಡುಕು ಅಂದ್ರು.

ಹುಡುಕ್ದೆ. ಆನ್‌ಲೈನ್‌ನಲ್ಲಿ ನಂಬರ್ ಕೊಟ್ಟಿದ್ದೇ ತಡ, ಊಟಕ್ಕೆ ಕೂತ್ರೂ ಫೋನು. ಡಯಾ ಎಷ್ಟು ಸಾರ್, ಲೆಂತ್ ಎಷ್ಟು ಸಾರ್, ಎಷ್ಟು ಪೀಸ್ ಬೇಕು ಸಾರ್. ಒಬ್ಬ ಪುಣ್ಯಾತ್ಮ ಗೋಡೆಗೆ ಬಣ್ಣ ಹೊಡೆಯೋ ರೋಲರ್ ಫೋಟೋ ಕಳಿಸಿ "ಸೇಮ್ ವರ್ಕ್ ಆಗುತ್ತೆ ಸಾರ್" ಅಂದ. ಇನ್ನೊಂದು ಕಂಪನಿದು ನಿಜಕ್ಕೂ ಒಳ್ಳೆ ಸಾಮಾನು, ಪಾಲಿಥಿನ್ ಪುಡಿನ ಅಚ್ಚಿಗೆ ತುಂಬಿ, ಪೂರ್ತಿ ಕರಗದಂಗೆ ಒಂದಕ್ಕೊಂದು ಅಂಟೋ ಅಷ್ಟೇ ಬಿಸಿ ಮಾಡಿದ್ದು, ತೂತೆಲ್ಲ ಮೈಕ್ರಾನ್ ಲೆಕ್ಕದಲ್ಲಿ. ಆದ್ರೆ ನಮಗೆ ಬೇಕಾಗಿರೋ ಒಂದು ಜೊತೆಗೆ ಅಚ್ಚಿನ ದುಡ್ಡೂ ನಾವೇ ಕೊಡ್ಬೇಕಂತೆ. ಮತ್ತೆ ಕೊರಿಯರ್‌ನಲ್ಲಿ ಬಿಳೀದೊಂದು ಸ್ಯಾಂಪಲ್ ಬಂತು, ಬಿಲ್‌ನಲ್ಲಿ ಪಿವಿಎ ಸ್ಪಾಂಜ್ ರೋಲರ್ ಅಂತಿದೆ, ಮುಟ್ಟಿದ್ರೆ ಮರದ ತುಂಡಿನಂಗೆ ಗಟ್ಟಿ.

ಅದನ್ನೇ ಹಿಡ್ಕೊಂಡು ಶಾಫ್ಟ್ ಅಳತೆ ಕೊಡೋಕೆ ಲೇತ್ ಅಂಗಡಿಗೆ ಹೋಗಿದ್ದೆ. ಅಜ್ಜಾರು ಬಾಗಿಲ ಹತ್ರ ಸ್ಟೂಲ್ ಹಾಕ್ಕೊಂಡು ಚಾ ಕುಡಿತಿದ್ರು. ಇಲ್ಲಿ ಕಾಟನ್ ಮಿಲ್ಲುಗಳು ಇದ್ದ ಕಾಲದಲ್ಲಿ ಸೈಜಿಂಗ್‌ನಲ್ಲಿ ಇದ್ದವರು, ಅಂದ್ರೆ ಹಾಸಿನ ನೂಲಿಗೆ ಗಂಜಿ ಹಾಕೋ ಮೆಷೀನು.

"ಏನ್ ತಮ್ಮಾ ಅದು?"

"ರೋಲರ್ ಅಜ್ಜಾರೇ, ಎಣ್ಣೆ ಹಚ್ಚೋಕೆ."

"ಏನ್ ಕುಡಿತೈತಿ, ಎಷ್ಟು ಬಿಡಬೇಕು?"

ನಾನು ಡಯಾ ಹೇಳೋಕೆ ಶುರು ಮಾಡ್ದೆ. ಅವ್ರು ಕೈ ಅಡ್ಡ ಹಿಡಿದು, "ಅಳತಿ ಆಮ್ಯಾಕೆ ಹೇಳುವಂತಿ, ಎಣ್ಣಿ ತೆಳ್ಳಗೈತೋ ದಪ್ಪ ಐತೋ? ತಗಡಿನ ಮ್ಯಾಲೆ ಪಸೆ ಸಾಕೋ, ಹರೀಬೇಕೋ?" ಅಂದ್ರು. ಆಮೇಲೆ ಆ ಬಿಳೀ ತುಂಡನ್ನ ಇಸ್ಕೊಂಡು, ಚಾ ಅಂಗಡಿ ನೀರಿನ ಲೋಟದಲ್ಲಿ ಅದ್ದಿ, ಸ್ವಲ್ಪ ಬಿಟ್ಟು ಹೆಬ್ಬೆಟ್ಟಲ್ಲಿ ಒತ್ತಿದ್ರು. ಮೆತ್ತಗೆ ಅದುಮ್ಕೊಂಡು ನೀರು ಬಿಡ್ತು. "ಇದು ನೀರಿನ ಜಾತೀದು, ನಿಮ್ಮ ಎಣ್ಣಿಗೆ ಬ್ಯಾಡ."

ಮಿಲ್ಲಿನಲ್ಲಿ ಗಂಜಿ ತೊಟ್ಟಿಯಿಂದ ಎದ್ದ ನೂಲನ್ನ ಹಿಂಡೋ ರೋಲರ್‌ಗೆ ಉಣ್ಣೆ ಬಟ್ಟೆ ಸುತ್ತೋರಂತೆ. ಸುತ್ತೋದು ಸ್ವಲ್ಪ ಸಡಿಲ ಆದ್ರೂ ನೂಲಿಗೆ ಗಂಜಿ ಹೆಚ್ಚುಕಮ್ಮಿ ಆಗಿ ಮಗ್ಗದಲ್ಲಿ ಎಳೆ ಪಟಪಟ ಹರಿಯೋದು. ಹಂಗಾದ್ರೆ ಚಳ್ಳಕೆರೆ ಕಂಬಳಿನೇ ಸುತ್ತಿಬಿಡ್ಲಾ ಅಂದೆ ತಮಾಷೆಗೆ (1997ರ ತನಕ ನಾವೂ ಅವರೂ ಒಂದೇ ಜಿಲ್ಲೆ ತಾನೇ). ಅವ್ರು ನಗ್ಲೇ ಇಲ್ಲ. ಕಂಬಳಿ ನೇಯೋರೂ ಹುಣಸೆಬೀಜದ ಗಂಜಿನ ಹಾಸಿನ ನೂಲಿಗೆ ಕುಂಚದಲ್ಲಿ ಹಚ್ತಾರೆ, ಕೆಲ್ಸ ಅದೇ, ಆದ್ರೆ ಕಂಬಳಿ ಕೂದಲು ಬಿಡ್ತೈತಿ, ಡೈ ಒಳಗೆ ಹೋದ್ರೆ ಗುರುತು ಬೀಳ್ತೈತಿ, ಫೆಲ್ಟ್ ತಗೋ ಅಂದ್ರು. ಫೆಲ್ಟ್‌ಗೆ ಹಾಸೂ ಇಲ್ಲ ಹೊಕ್ಕೂ ಇಲ್ಲ, ಉಣ್ಣೆನ ಬಿಸಿ, ತೇವ, ಒತ್ತಡದಲ್ಲಿ ಗಂಟುಹಾಕಿದ್ದು, ಎಲ್ಲಿ ಕತ್ತರಿಸಿದ್ರೂ ಎಳೆ ಬಿಚ್ಚಲ್ಲ. ಟೇಬಲ್ ಫ್ಯಾನ್ ಬಿಚ್ಚಿದೋರು ನೋಡಿರ್ತೀರಿ, ಬುಷ್ ಸುತ್ತ ಎಣ್ಣೆ ಹಿಡ್ಕೊಂಡು ಕೂತಿರೋದು ಇದೇ ಸಾಮಾನು.

ಆಮೇಲೆ ಹೇಳಿದ್ದು ಇನ್ನೂ ಮಜಾ. "ರೋಲರ್ ಯಾಕ್ ಕೊಳ್ತೀರೋ, ಪ್ರೆಸ್ ಇಟ್ಕೊಂಡು? ಬಿಲ್ಲೆ ಹೊಡ್ಕೊಳ್ರಿ." ಫೆಲ್ಟ್ ಶೀಟ್ ತಂದು ವಾಷರ್ ಹೊಡೆದು, ತೂತು ಕೊರೆದ ಪೈಪಿಗೆ ಒಂದರ ಮೇಲೊಂದು ಪೋಣಿಸಿ, ಎರಡೂ ಕಡೆ ನಟ್ ಬಿಗಿದು, ಲೇತ್‌ಗೆ ಹಾಕಿ ತಿರುಗಿಸ್ತಾ ಎಮರಿ ಪೇಪರ್‌ನಲ್ಲಿ ಮಟ್ಟ ಮಾಡೋದು. ನಟ್ ಬಿಗಿ ಮಾಡಿದಷ್ಟು ಎಣ್ಣೆ ಕಮ್ಮಿ, ಸಡಿಲ ಬಿಟ್ಟಷ್ಟು ಜಾಸ್ತಿ. ಸವೆದ್ರೆ ಸವೆದ ಬಿಲ್ಲೆ ಅಷ್ಟೇ ಬದಲಾಯ್ಸು. ತಗಡು ಕತ್ತರಿಸೋ ಡೈ ಇದಕ್ಕೆ ನಡೆಯಲ್ಲ, ಅಂಚು ಜೂಲು ಜೂಲಾಗುತ್ತೆ, ಚಾಕು ಬಾಯಿಯ ಪಂಚ್ ಬೇಕು ಅನ್ನೋದನ್ನೂ ಅವ್ರೇ ಹೇಳಿದ್ದು.

ಅಳಿಯ ಈ ಕಡೆ ತಿರುಗಿ "ಮಾವಾರೇ ಸಾಕು ಬಿಡ್ರಿ, ಅವ್ರಿಗೆ ಕೆಲ್ಸ ಐತೆ" ಅಂದ. ನನಗೆ ಸಿಟ್ಟು ಬಂತು ಸುಳ್ಳಲ್ಲ. ದಾವಣಗೆರೆ ಕರ್ನಾಟಕದ ಮ್ಯಾಂಚೆಸ್ಟರ್ ಆಗಿತ್ತು ಅಂತ ಭಾಷಣ ಮಾಡೋರಿಗೆ ಕಮ್ಮಿ ಇಲ್ಲ, ಬೆಣ್ಣೆದೋಸೆಗೆ ರೀಲ್ಸ್ ಮಾಡೋರಿಗಂತೂ ಲೆಕ್ಕ ಇಲ್ಲ. ಆ ಮಿಲ್ಲು ನಡೆಸಿದ ಕೈಗಳು ಇದೇ ಊರಲ್ಲಿ ಸ್ಟೂಲ್ ಮೇಲೆ ಕೂತಿವೆ, ಹೋಗಿ ಕೇಳೋರಿಲ್ಲ. ನಾವು ಕೊಯಮತ್ತೂರು, ಅಹಮದಾಬಾದ್ ಅಂತ ಫೋನ್ ಮಾಡ್ತೀವಿ. ಮಾರೋ ಹುಡುಗ್ರನ್ನೂ ಬೈಯಲ್ಲ, ಅವ್ರಿಗೆ ಯಾರೋ ಟಾರ್ಗೆಟ್ ಕೊಟ್ಟಿರ್ತಾರೆ, ಆದ್ರೆ ಎಣ್ಣೆ ಯಾವುದು ಅಂತ ಕೇಳದೆ ಎಣ್ಣೆ ರೋಲರ್ ಮಾರೋದು ಯಾವ ಸೀಮೆ ವ್ಯಾಪಾರ?

ಸಾವ್ಕಾರ್ರು ಪೂರ್ತಿ ಕೇಳಿ ಫೆಲ್ಟ್ ಶೀಟ್‌ಗೆ ಬೆಂಗಳೂರಿಗೆ ಆರ್ಡರ್ ಹಾಕಿದಾರೆ. ಈಗ ಜಗಳ ಇರೋದು ಕೆಳಗಿನ ರೋಲರ್‌ದು. ಮೇಲಿಂದು ತಾನಾಗೇ ಜಿನುಗುತ್ತೆ, ಕೆಳಗಿಂದಕ್ಕೆ ಎಣ್ಣೆ ಮೇಲೆ ಹತ್ತಬೇಕಲ್ಲ. ಸಾವ್ಕಾರ್ರು ಪಂಪ್ ಅಂತಾರೆ, ಅಜ್ಜಾರು ಗಂಜಿ ತೊಟ್ಟಿ ಥರ ಒಂದು ಟ್ರೇ ಇಟ್ಟು ರೋಲರ್ ಅರ್ಧ ಮುಳುಗಿಸ್ರಿ ಅಂತಾರೆ. ನಾನು ಟ್ರೇ ಕಡೆ.