ಆ 13 ಎಲ್ಲಿಂದ ಬಂತು?

ಮಂಗಳವಾರ ಕೇಳಿದ ಈ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಕೋಡ್ ಬರೆಯುವಾಗಲೂ ಅದೇ, ರಾತ್ರಿ ದೀಪ ಆರಿಸಿದ ಮೇಲೂ ಅದೇ. ಕೇಳಿದವರು ಸಿಟ್ಟಿನಿಂದ ಕೇಳಲಿಲ್ಲ, ದನಿ ಏರಿಸಲಿಲ್ಲ. ಕನ್ನಡಕ ಸರಿ ಮಾಡಿಕೊಂಡು, ಪೆನ್ನಿನ ತುದಿಯನ್ನು ನಮ್ಮ ಲ್ಯಾಪ್‌ಟಾಪಿನ ಪರದೆಗೆ ತೋರಿಸಿ ಕೇಳಿದರು ಅಷ್ಟೆ.

ನಮ್ಮದು ಏಳು ಜನರ ಸ್ಟಾರ್ಟಪ್. ಮಾರಾಟ, ಸ್ಟಾಕ್, ಬರಬೇಕಾದ ಬಾಕಿ ಎಲ್ಲವನ್ನೂ ಒಂದೇ ಕಡೆ ತೋರಿಸುವ ಡ್ಯಾಶ್‌ಬೋರ್ಡ್ ಸಾಫ್ಟ್‌ವೇರ್ ಮಾಡುತ್ತಿದ್ದೇವೆ. ಬರುವ ಸೋಮವಾರ ಲಾಂಚ್ ಅಂತ ತೀರ್ಮಾನವಾಗಿತ್ತು. ಅದಕ್ಕೂ ಮುಂಚೆ ನಾಲ್ಕು ಕಂಪನಿಗಳು ತಮ್ಮ ನಿಜವಾದ ಡೇಟಾ ಹಾಕಿ ಬಳಸಿ ನೋಡುತ್ತಿದ್ದವು. ಅದರಲ್ಲಿ ಒಂದು ಕಡೆ ಲೆಕ್ಕ ನೋಡಿಕೊಳ್ಳುವವರು ಈ ಮೇಡಂ.

ಕಳೆದ ಒಂದು ತಿಂಗಳು ನಾವು ಬಿದ್ದು ಒದ್ದಾಡಿದ್ದೆಲ್ಲ ವೇಗಕ್ಕೆ ಮತ್ತು ಅಂದಕ್ಕೆ. ಪುಟ ತೆರೆಯಲು ಆರು ಸೆಕೆಂಡ್ ಆಗುತ್ತಿತ್ತು, ಒಂದೂವರೆಗೆ ಇಳಿಸಿದೆವು. ಚಾರ್ಟ್‌ಗಳ ಬಣ್ಣ ಮೂರು ಸಲ ಬದಲಾಯಿತು. ಆ ಕೆಲಸ ಬೇಡವಾಗಿತ್ತು ಅಂತ ನಾನು ಹೇಳುವುದಿಲ್ಲ, ನಿಧಾನವಾದ ಡ್ಯಾಶ್‌ಬೋರ್ಡನ್ನು ಯಾರೂ ಎರಡನೇ ಸಲ ತೆರೆಯುವುದಿಲ್ಲ. ಆದರೆ ಮೇಡಂ ಬಣ್ಣದ ಕಡೆ ನೋಡಲೇ ಇಲ್ಲ. ತಮ್ಮ ಕೈಬರಹದ ರಿಜಿಸ್ಟರ್ ತೆರೆದು ಪಕ್ಕದಲ್ಲಿಟ್ಟುಕೊಂಡರು. ಕಳೆದ ತಿಂಗಳು ಆರ್ಡರ್ ಎಷ್ಟು ಅಂತ ನೋಡಿದರು. ನಮ್ಮಲ್ಲಿ 431. ಅವರ ರಿಜಿಸ್ಟರಿನಲ್ಲಿ 418.

"ಆ 13 ಎಲ್ಲಿಂದ ಬಂತು?"

ನನ್ನ ಪಾರ್ಟ್‌ನರ್ ತಕ್ಷಣ ಉತ್ತರ ಕೊಟ್ಟ. "ಮೇಡಂ, ಇದು ಸಿಸ್ಟಂ ತಾನೇ ಹಾಕೋ ಲೆಕ್ಕ. ನಿಮ್ಮ ರಿಜಿಸ್ಟರ್‌ನಲ್ಲಿ ಏನಾದ್ರೂ ಬಿಟ್ಟುಹೋಗಿರಬಹುದು, ನೋಡಿ."

"ಬಿಟ್ಟುಹೋಗಿದ್ರೆ ಯಾವುದು ಅಂತ ತೋರಿಸಿ, ಬರ್ಕೋತೀನಿ" ಅಂದರು ಮೇಡಂ.

ಅವರು ಕೇಳಿದ್ದು ಇಷ್ಟೇ. ನಮಗೆ ತೋರಿಸಲು ಆಗಲಿಲ್ಲ. 431ರ ಮೇಲೆ ಕ್ಲಿಕ್ ಮಾಡಿದರೆ ಏನೂ ತೆರೆಯುತ್ತಿರಲಿಲ್ಲ. ದೊಡ್ಡ ಅಕ್ಷರದಲ್ಲಿ, ಪಕ್ಕದಲ್ಲೊಂದು ಹಸಿರು ಬಾಣದ ಜೊತೆ ಸುಮ್ಮನೆ ಕೂತಿತ್ತು ಆ ನಂಬರ್. ಅದರ ಹಿಂದೆ ಯಾವ ಆರ್ಡರ್‌ಗಳಿವೆ ಅಂತ ಕೇಳುವ ದಾರಿಯನ್ನೇ ನಾವು ಇಟ್ಟಿರಲಿಲ್ಲ. ಎರಡು ವರ್ಷದಲ್ಲಿ ಯಾರಿಗೂ ಅದು ಬೇಕು ಅನಿಸಿರಲಿಲ್ಲ. ನನಗೂ ಅನಿಸಿರಲಿಲ್ಲ.

ಪಾರ್ಟ್‌ನರ್ ಕೆಟ್ಟವನಲ್ಲ. ಯಾರಿಗಾದರೂ ಕಷ್ಟ ಅಂದರೆ ರಾತ್ರಿಯೆಲ್ಲ ಎದ್ದು ಕೂರುವ ಮನುಷ್ಯ. ಆದರೆ ಯಾರಾದರೂ ಅನುಮಾನ ಪಟ್ಟರೆ ಅವನಿಗೆ ಅದು ಅಡ್ಡಗಾಲಿನ ಹಾಗೆ ಕಾಣುತ್ತದೆ. ಆವತ್ತು ಅವನು ಆಡಿದ ಮಾತು ನನಗೆ ಇಷ್ಟವಾಗಲಿಲ್ಲ. ನಾನು ಅಲ್ಲೇ ಇದ್ದೂ ತಡೆಯಲಿಲ್ಲ, ಅದು ಇನ್ನೂ ಜಾಸ್ತಿ ಚುಚ್ಚುತ್ತಿದೆ.

ಆಫೀಸಿಗೆ ಬಂದು ಹುಡುಕಿದಾಗ ಕಾರಣ ಒಂದು ಗಂಟೆಯಲ್ಲಿ ಸಿಕ್ಕಿತು. ಆರ್ಡರ್‌ಗಳು ಒಂದು ಟೇಬಲ್‌ನಲ್ಲಿ, ಪೇಮೆಂಟ್‌ಗಳು ಇನ್ನೊಂದರಲ್ಲಿ. ಎರಡನ್ನೂ ಜಾಯಿನ್ ಮಾಡಿ, ಅಂದರೆ ಪ್ರತಿ ಪೇಮೆಂಟಿನ ಪಕ್ಕಕ್ಕೆ ಅದರ ಆರ್ಡರ್ ಜೋಡಿಸಿ, ನಾವು ಎಣಿಸುತ್ತಿದ್ದೆವು. 10,000ದ ಒಂದು ಆರ್ಡರ್‌ಗೆ ಗಿರಾಕಿ ಮೊದಲು 6,000, ಆಮೇಲೆ 4,000 ಕಟ್ಟಿದ ಅಂದುಕೊಳ್ಳಿ. ಪೇಮೆಂಟ್ ಟೇಬಲ್‌ನಲ್ಲಿ ಎರಡು ಸಾಲು. ಜಾಯಿನ್ ಆದ ಮೇಲೆ ಅದೇ ಆರ್ಡರ್ ಎರಡು ಸಲ ಬರುತ್ತದೆ, ಎರಡೂ ಸಾಲಿನಲ್ಲಿ 10,000 ಅಂತಲೇ ಇರುತ್ತದೆ. ಕೂಡಿದರೆ 20,000. ಆ ತಿಂಗಳು ಹಾಗೆ ಎರಡು ಕಂತಿನಲ್ಲಿ ದುಡ್ಡು ಬಂದ ಆರ್ಡರ್‌ಗಳು ಸರಿಯಾಗಿ 13. ಡೇಟಾಬೇಸ್ ಜೊತೆ ಕೆಲಸ ಮಾಡುವ ಎಲ್ಲರೂ ಒಂದಲ್ಲ ಒಂದು ಸಲ ಈ ಗುಂಡಿಗೆ ಬಿದ್ದವರೇ. ನಮಗೆ ಇಷ್ಟು ದಿನ ಕಾಣಲಿಲ್ಲ ಯಾಕೆಂದರೆ ಟೆಸ್ಟ್ ಮಾಡಲು ಇಟ್ಟುಕೊಂಡಿದ್ದ ಡೇಟಾ ನಾವೇ ಮಾಡಿದ್ದು. ಅದರಲ್ಲಿ ಎಲ್ಲರೂ ಒಂದೇ ಸಲಕ್ಕೆ ಪೂರ್ತಿ ದುಡ್ಡು ಕಟ್ಟುವವರು. ಅಂಥ ಗಿರಾಕಿಗಳು ಯಾವ ವ್ಯಾಪಾರದಲ್ಲಿ ಇರುತ್ತಾರೆ?

ಪಾರ್ಟ್‌ನರ್ "ಡಿಸ್ಟಿಂಕ್ಟ್ ಹಾಕಿದ್ರೆ ಮುಗೀತಲ್ಲ" ಅಂದು, ಡೇಟಾಬೇಸ್‌ನಿಂದ ಲೆಕ್ಕ ಕೇಳುವ ಕ್ವೆರಿಯಲ್ಲಿ ಎರಡು ಕಡೆ ಅದನ್ನು ಸೇರಿಸಿದ. ಒಂದೇ ಥರದ್ದು ಎಷ್ಟು ಸಲ ಬಂದರೂ ಒಂದೇ ಸಲ ಲೆಕ್ಕಕ್ಕೆ ತೆಗೆದುಕೋ ಅನ್ನುವ ಪದ ಅದು. ಎಣಿಕೆ 418ಕ್ಕೆ ಬಂತು. ಎಲ್ಲರೂ ಉಸಿರು ಬಿಟ್ಟೆವು. ಆಗ ಮೂಲೆಯಲ್ಲಿ ಕೂತಿದ್ದ ನಮ್ಮ ಹೊಸ ಹುಡುಗಿ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದೆ, ಮೆಲ್ಲಗೆ ಕೇಳಿದಳು: "ಸರ್, ಮೊತ್ತಕ್ಕೂ ಡಿಸ್ಟಿಂಕ್ಟ್ ಹಾಕಿದ್ದೀರಲ್ಲ, ಒಂದೇ ಮೊತ್ತದ ಎರಡು ಆರ್ಡರ್ ಇದ್ರೆ?" ನೋಡಿದರೆ ಇತ್ತು. 2,400ರ ಎರಡು ಬೇರೆ ಬೇರೆ ಆರ್ಡರ್‌ಗಳು ಸೇರಿ ಒಂದಾಗಿಬಿಟ್ಟಿದ್ದವು. ಅಂಥವು ಇನ್ನೂ ಎಷ್ಟೋ. ಮೊದಲು ಜಾಸ್ತಿ ತೋರಿಸುತ್ತಿದ್ದ ಮೊತ್ತ ಈಗ ಕಡಿಮೆಯಾಗಿತ್ತು. ಪೇಮೆಂಟ್‌ಗಳನ್ನು ಮೊದಲೇ ಕೂಡಿ, ಒಂದು ಆರ್ಡರ್‌ಗೆ ಒಂದೇ ಸಾಲು ಮಾಡಿಕೊಂಡು, ಆಮೇಲೆ ಜಾಯಿನ್ ಮಾಡಬೇಕು. ಅವಳೇ ಕೂತು ಬರೆದಳು. ಆಮೇಲೆ ಗೊತ್ತಾಯಿತು, ಎರಡು ವಾರದ ಹಿಂದೆಯೇ ಒಂದು ಮೀಟಿಂಗಿನಲ್ಲಿ ಅವಳು "ಮೊತ್ತ ಒಂದ್ಸಲ ತಾಳೆ ನೋಡೋಣ್ವಾ" ಅಂದಿದ್ದಳು. ಆವತ್ತು ಬಣ್ಣದ ಚರ್ಚೆ ಜೋರಾಗಿತ್ತು. ಮೆಲ್ಲಗೆ ಮಾತಾಡುವವರ ಮಾತು ನಮ್ಮ ಮೀಟಿಂಗುಗಳಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಬಗ್ ಸರಿಹೋಯಿತು, ನನಗೆ ಸಮಾಧಾನವಾಗಲಿಲ್ಲ. ಪ್ರೋಗ್ರಾಂ ಕೆಟ್ಟು ನಿಂತರೆ ಕೆಂಪು ಅಕ್ಷರದಲ್ಲಿ ಕೂಗಿಕೊಳ್ಳುತ್ತದೆ, ನಾವು ಓಡಿ ಹೋಗುತ್ತೇವೆ. ಲೆಕ್ಕ ತಪ್ಪಿದರೆ ಏನೂ ಆಗುವುದಿಲ್ಲ. ಸರಿಯಾದ ನಂಬರ್ ಹೇಗೆ ಕಾಣುತ್ತದೋ ತಪ್ಪು ನಂಬರೂ ಹಾಗೇ ಕಾಣುತ್ತದೆ. 2020ರಲ್ಲಿ ಇಂಗ್ಲೆಂಡ್‌ನಲ್ಲಿ 15,841 ಕೋವಿಡ್ ಕೇಸ್‌ಗಳು ದಿನದ ಲೆಕ್ಕದಿಂದ ಬಿಟ್ಟುಹೋಗಿದ್ದು ನೆನಪಾಯಿತು. ಲ್ಯಾಬ್‌ಗಳಿಂದ ಬಂದ ಮಾಹಿತಿಯನ್ನು ಎಕ್ಸೆಲ್‌ನ ಹಳೇ ಮಾದರಿಯ ಫೈಲ್‌ಗೆ ಹಾಕುತ್ತಿದ್ದರು. ಅದರ ಒಂದು ಶೀಟ್‌ನಲ್ಲಿ 65,536 ಸಾಲಿಗಿಂತ ಜಾಸ್ತಿ ಹಿಡಿಯುವುದಿಲ್ಲ. ಮಿಕ್ಕಿದ್ದು ಹೊರಗೇ ಉಳಿಯಿತು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ ಕೇಸ್‌ಗಳು ಅವು. ಅಷ್ಟೂ ದಿನ ಪ್ರಕಟವಾದ ಅಂಕಿ ನೋಡಿದವರಿಗೆ ಅದರಲ್ಲಿ ಏನೋ ಕಮ್ಮಿ ಇದೆ ಅಂತ ಹೇಗೆ ಗೊತ್ತಾಗಬೇಕು?

ನನ್ನನ್ನು ಕಾಡುತ್ತಿರುವುದು ಇನ್ನೊಂದಿದೆ. ಮೇಡಂ ಇಪ್ಪತ್ತು ವರ್ಷದಿಂದ ಲೆಕ್ಕ ಬರೆಯುವವರು. ತಮ್ಮ ರಿಜಿಸ್ಟರ್ ಮೇಲೆ ಅವರಿಗೆ ನಂಬಿಕೆ ಇತ್ತು. ಅವರ ಜಾಗದಲ್ಲಿ ಕೆಲಸಕ್ಕೆ ಹೊಸದಾಗಿ ಸೇರಿದ ಯಾರೋ ಇದ್ದಿದ್ದರೆ? ಲ್ಯಾಪ್‌ಟಾಪ್ ಹಿಡಿದು ಬಂದ ಇಬ್ಬರು "ನಿಮ್ಮಲ್ಲೇ ಬಿಟ್ಟುಹೋಗಿರಬಹುದು" ಅಂದಿದ್ದರೆ, ಅವರು 418ನ್ನು ಹೊಡೆದು ಹಾಕಿ 431 ಬರೆಯುತ್ತಿದ್ದರು. ಸರಿ ಇದ್ದ ಲೆಕ್ಕವನ್ನು ತಿದ್ದಿ ತಪ್ಪು ಮಾಡಿಕೊಳ್ಳುತ್ತಿದ್ದರು. ಇಲ್ಲದ 13 ಆರ್ಡರ್ ಯಾಕೆ ಬರೆಯಲಿಲ್ಲ ಅಂತ ಮೇಲಿನವರಿಂದ ಬೈಸಿಕೊಳ್ಳುತ್ತಿದ್ದರು. ಆ ಹೊಡೆದು ಹಾಕಿದ 418 ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿದೆ. ಉಳಿದ ಮೂರು ಕಂಪನಿಗಳಲ್ಲಿ ಯಾರಾದರೂ ಹಾಗೆ ಮಾಡಿದ್ದಾರಾ ಅಂತ ಬುಧವಾರ ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿದೆ. ಇಬ್ಬರು ಇಲ್ಲ ಅಂದರು. ಒಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡಿ ಹೇಳ್ತೀನಿ" ಅಂದರು.

ಲಾಂಚ್ ಮೂರು ವಾರ ಮುಂದೆ ಹೋಯಿತು. ಅದರ ಬಗ್ಗೆ ನಡೆದ ಜಗಳ ಇಲ್ಲಿ ಬೇಡ.

ಶುಕ್ರವಾರ ಮತ್ತೆ ಮೇಡಂ ಹತ್ತಿರ ಹೋದೆವು. ಈ ಸಲ ಆ ಹುಡುಗಿಯೂ ಬಂದಿದ್ದಳು. ಈಗ ಯಾವ ನಂಬರ್ ಒತ್ತಿದರೂ ಅದರ ಹಿಂದಿನ ಆರ್ಡರ್‌ಗಳ ಪಟ್ಟಿ ತೆರೆಯುತ್ತದೆ. ನೋಡಲು ಚಂದವಿಲ್ಲ, ಎರಡು ದಿನದಲ್ಲಿ ಕಟ್ಟಿದ್ದು. ಮೇಡಂ 418 ಒತ್ತಿದರು. ಪಟ್ಟಿ ಬಂತು. ಮಧ್ಯೆ ಮಧ್ಯೆ ನಿಲ್ಲಿಸಿ ರಿಜಿಸ್ಟರಿನಲ್ಲಿ ಅದೇ ನಂಬರಿನ ಆರ್ಡರ್ ಹುಡುಕಿ ಟಿಕ್ ಹಾಕಿದರು. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ನನಗಂತೂ ಪರೀಕ್ಷೆಯಲ್ಲಿ ಪೇಪರ್ ತಿದ್ದುವವರ ಮುಂದೆ ನಿಂತ ಹಾಗಿತ್ತು.

ಕೊನೆಗೆ ಕನ್ನಡಕ ತೆಗೆದರು. "ಇದು ಸರಿ ಇದೆ. ವಾಪಸ್ ಬಂದ ಮಾಲನ್ನ ಯಾವ ತಿಂಗಳಿಂದ ಕಳೀತೀರಿ? ಮಾರಿದ ತಿಂಗಳಿಂದಾನಾ, ವಾಪಸ್ ಬಂದ ತಿಂಗಳಿಂದಾನಾ?"

ನಾನು ಪಾರ್ಟ್‌ನರ್ ಮುಖ ನೋಡಿದೆ. ಅವನು ಲ್ಯಾಪ್‌ಟಾಪ್ ಪಕ್ಕಕ್ಕೆ ಸರಿಸಿ, ಕುರ್ಚಿ ಹತ್ತಿರ ಎಳೆದುಕೊಂಡು, "ನೀವು ಹೇಗೆ ಬರೀತೀರಿ ಮೇಡಂ?" ಅಂದ. ಅವರು ರಿಜಿಸ್ಟರಿನ ಹಿಂದಿನ ಪುಟಗಳನ್ನು ತಿರುವಿ ಹಾಕತೊಡಗಿದರು.